ಯುಲಾಲಿಯ ಕೇಳಿಸದ ಮಾತು

ಆ ಊರಿನಲ್ಲಿ ನನ್ನನ್ನು ಮೊದಲು ಮಾತಾಡಿಸಿದವಳು ಮೀನು ಮಾರುವ ಹೆಂಗಸು. ವ್ಯಾನಿನಿಂದ ಇಳಿದು, ಎತ್ತ ಹೋಗಬೇಕೆಂದು ತಿಳಿಯದೆ ನಾನು ದಾರಿಯಲ್ಲಿ ನಿಂತಿದ್ದೆ. ಅವಳು ತನ್ನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, ‘ಯಕ್ಕಾ, ಬಿಸಿಲಾಗ ಯಾಕ ನಿಂತಿ? ಈ ಕಡೆ ನೆಳ್ಳಿಗೆ ಬಾ’ ಎಂದಳು. ಗದಗಿನ ನನ್ನ ತವರು ಓಣಿಯ ಮಾತು ಅದು, ಅಕ್ಷರಕ್ಕೆ ಅಕ್ಷರ. ಯಾರೋ ನಮ್ಮ ಕಡೆಯವರು ಹಿಂದೆ ನಿಂತಿರಬೇಕೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ತಲೆಗೆ ಹಳದಿ ಬಟ್ಟೆ ಸುತ್ತಿದ್ದ, ನನಗಿಂತ ಒಂದು ಗೇಣು ಎತ್ತರವಿದ್ದ ಆ ಕಪ್ಪು ಹೆಂಗಸು ನನ್ನನ್ನೇ ನೋಡುತ್ತಿದ್ದಳು. ‘ನಿನಗ ಹೇಳಿದ್ದು, ಬಾ’ ಎಂದಳು.

ವ್ಯಾನಿನ ಚಾಲಕ ಹಿಲೇರ್ ನನ್ನ ಚೀಲ ಇಳಿಸುತ್ತಾ ನಕ್ಕ. ‘ಗಾಬರಿ ಆಗಬ್ಯಾಡ್ರಿ ಅಕ್ಕೋರ. ಇಲ್ಲೆ ಹಿಂಗ. ಯಾರು ಏನ ಆಡಿದ್ರೂ ಅವರವರ ತಾಯಿ ಮನಿ ಮಾತಿನ್ಯಾಗ ಕೇಳಸ್ತೈತಿ’ ಎಂದ. ನಮ್ಮ ಕಡೆ, ಈ ಊರಾಗ ನೀರು ದಿನ ಬಿಟ್ಟು ದಿನ ಬರ್ತಾವ ಎಂದು ಹೇಳುವ ಹಾಗೆ ಹೇಳಿದ. ಬೆಳಿಗ್ಗೆ ಇಡೀ ದಾರಿ ಅವನು ನನ್ನ ಜೊತೆ ಮುರುಕು ಇಂಗ್ಲಿಷಿನಲ್ಲಿ ಮಾತಾಡಿದ್ದ.

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವಳು. ಗೋಡೆಯ ನಕಾಶೆಯಲ್ಲಿ ಕೆರಿಬಿಯನ್ ಸಮುದ್ರದ ದ್ವೀಪಗಳು ಕೈತಪ್ಪಿ ಚೆಲ್ಲಿದ ರಾಗಿಕಾಳಿನ ಹಾಗೆ ಕಾಣುತ್ತಿದ್ದವು. ಅವುಗಳ ಮೇಲೆ ಬೆತ್ತ ಆಡಿಸಿ, ಕಬ್ಬು, ಬಾಳೆ, ಚಂಡಮಾರುತ ಎಂದು ಬರೆಸಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಅಲ್ಲಿ ಜನ ಹೇಗಿದ್ದಾರೆ ಎಂದು ಯಾವ ಮಗುವೂ ಕೇಳಲಿಲ್ಲ. ಕೇಳಿದ್ದರೆ ನನ್ನ ಹತ್ತಿರ ಉತ್ತರವೂ ಇರಲಿಲ್ಲ. ಆ ಕೊರತೆ ಎಲ್ಲೋ ಒಳಗೆ ಉಳಿದಿದ್ದಿರಬೇಕು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಹಿರಿಯರಿಗಾಗಿ ಏರ್ಪಡಿಸಿದ ಒಂದು ಪ್ರವಾಸದಲ್ಲಿ ಹನ್ನೆರಡು ಜನರ ಜೊತೆ ಅಲ್ಲಿಗೆ ಹೊರಟೆ. ಹೋಟೆಲಿನಲ್ಲಿ ನಮ್ಮ ಕೊರಳಿಗೆ ಪ್ಲಾಸ್ಟಿಕ್ ಹೂವಿನ ಹಾರ ಹಾಕಿದರು. ಸಂಜೆ ಡೋಲು ಬಡಿದು ಕುಣಿದರು. ಕುಣಿಯುವವರ ನಗು ಸೋಮವಾರವೂ ಮಂಗಳವಾರವೂ ಒಂದೇ ಅಳತೆಯಲ್ಲಿತ್ತು. ಪಾಪ, ಅದು ಅವರ ಕೆಲಸ. ಆದರೆ ನಾನು ನಮ್ಮ ಪ್ರವಾಸದ ಮ್ಯಾನೇಜರನ್ನು ಇಂಗ್ಲಿಷಿನಲ್ಲಿ ಕೇಳಿದೆ: ‘ಇಲ್ಲಿಯ ಜನ ಮನೆಯಲ್ಲಿ ಏನು ಅಡುಗೆ ಮಾಡುತ್ತಾರೆ, ಹೇಗೆ ಜಗಳಾಡುತ್ತಾರೆ, ಅದನ್ನು ನೋಡಬೇಕಲ್ಲ?’ ಅವರು ಕಾಗದ ನೋಡಿ, ‘ಅದು ಕಾರ್ಯಕ್ರಮದಲ್ಲಿ ಇಲ್ಲ ಮೇಡಮ್’ ಎಂದರು. ಪಕ್ಕದಲ್ಲಿ ವ್ಯಾನಿನ ಗಾಜು ಒರೆಸುತ್ತಿದ್ದ ಹಿಲೇರ್ ಇಂಗ್ಲಿಷಿನಲ್ಲಿ ಹೇಳಿದ: ‘ನನ್ನ ಊರಿಗೆ ಬನ್ನಿ. ಅಲ್ಲಿ ಜನ ಇದ್ದಾರೆ.’

ಮ್ಯಾನೇಜರು ಒಳ್ಳೆಯವರು. ನನ್ನನ್ನು ಒಬ್ಬಳನ್ನೇ ಬಿಡಲು ಮನಸ್ಸಾಗದೆ, ಊರು ಹೇಗಿದೆ ನೋಡಿಬರುತ್ತೇನೆಂದು ಮೊದಲ ದಿನ ಜೊತೆಗೆ ಬಂದರು. ವ್ಯಾನಿನ ಸುತ್ತ ಸೇರಿದ ಹತ್ತಾರು ಜನರ ಎದುರು ನಿಂತು, ಆ ದ್ವೀಪದ ಭಾಷೆಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ವಂದನೆಯ ಮಾತುಗಳನ್ನು ಹೇಳತೊಡಗಿದರು. ಬಾಯಿ ತೆರೆಯಿತು, ತುಟಿ ಆಡಿತು, ಕೈ ಎದೆಯ ಮೇಲೆ ಹೋಯಿತು. ಒಂದು ಶಬ್ದವೂ ಹೊರಡಲಿಲ್ಲ. ಅವರು ಕೆಮ್ಮಿ ಮತ್ತೆ ಮೊದಲಿನಿಂದ ಶುರುಮಾಡಿದರು. ಏನೂ ಇಲ್ಲ. ಮೀನಿನವಳು ಹಿಂದೆ ತಿರುಗಿ, ‘ಪಾಪ, ಗಂಟಲ ಒಣಗೈತಿ, ಅವರಿಗೆ ನೀರು ಕೊಡ್ರಿ’ ಎಂದಳು. ಯಾರೋ ಓಡಿಹೋಗಿ ಎಳನೀರು ತಂದರು. ಕುಡಿದು, ‘ಬಹಳ ಉಪಕಾರ ಆಯ್ತು’ ಎಂದಾಗ ಅದು ಎಲ್ಲರಿಗೂ ಚೆನ್ನಾಗಿ ಕೇಳಿಸಿತು.

‘ಅರ್ಥ ಗೊತ್ತಿಲ್ದ ಆಡಿದ ಮಾತು ಇಲ್ಲೆ ಕೇಳಸಂಗಿಲ್ರಿ’ ಎಂದು ಹಿಲೇರ್ ನನಗೆ ಮೆಲ್ಲಗೆ ಹೇಳಿದ. ‘ಅದಕ್ಕ ನಮ್ಮೂರಾಗ ಭಾಷಣ ಭಾಳ ಸಣ್ಣವು.’

ಹಿಲೇರ್ ನನ್ನನ್ನು ಉಳಿಸಿದ್ದು ಯುಲಾಲಿಯ ಮನೆಯಲ್ಲಿ. ಎಪ್ಪತ್ತನಾಲ್ಕು ವರ್ಷದವಳು, ರಸ್ತೆಯ ಬದಿಗೆ ನಾಲ್ಕು ಬೆಂಚು ಹಾಕಿ ಅಡುಗೆ ಮಾಡಿ ಬಡಿಸುವವಳು. ನಾನು ಮೀನು, ಕೋಳಿ ತಿನ್ನುವುದಿಲ್ಲ ಎಂದು ಅಂಜುತ್ತಲೇ ಹೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಮೀನೂ ತಿನ್ನಂಗಿಲ್ಲ, ಕೋಳೀನೂ ತಿನ್ನಂಗಿಲ್ಲ! ಮತ್ತ ಇಷ್ಟು ದೂರ ಹೆಂಗ ಬಂದ್ರಿ, ಗಾಳಿ ಕುಡದs?’ ಎಂದಳು. ಆಮೇಲೆ ಅಟ್ಟದಿಂದ ಹೊಸ ಮಣ್ಣಿನ ಗಡಿಗೆಯೊಂದನ್ನು ಇಳಿಸಿ, ಎರಡು ಸಲ ತೊಳೆದು, ಅದರಲ್ಲಿ ಕೆಸುವಿನ ಎಲೆಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದಳು. ಕೆಂಡದಲ್ಲಿ ಸುಟ್ಟ ದೀವಿಹಲಸನ್ನು ಹೋಳು ಮಾಡಿ ಜೊತೆಗೆ ಇಟ್ಟಳು. ನನ್ನ ಗಡಿಗೆಗೆ ಬೇರೆ ಸೌಟು ಇಟ್ಟಿದ್ದಳು. ಅದನ್ನು ನಾನು ಕೇಳಿರಲಿಲ್ಲ. ಯಾರಾದರೂ ಮರೆತು ಆ ಸೌಟಿಗೆ ಕೈ ಹಾಕಿದರೆ, ‘ಅದು ಅಕ್ಕೋರದ್ದು, ಇಡ ಅಲ್ಲೆ’ ಎಂದು ಗದರುತ್ತಿದ್ದಳು. ಐದು ದಿನದಲ್ಲಿ ಆ ಸೌಟು ಒಮ್ಮೆಯೂ ತಪ್ಪಲಿಲ್ಲ.

ಅಲ್ಲಿ ನಾನು ಬಯಸಿದ್ದೆಲ್ಲಾ ನೋಡಿದೆ. ಮರಗೆಣಸನ್ನು ತುರಿದು ಹಿಂಡಿ ರೊಟ್ಟಿ ತಟ್ಟುವುದನ್ನು ಕಲಿತೆ. ಇಬ್ಬರು ಅಕ್ಕತಂಗಿಯರು ಒಂದು ಕೊಡೆಗಾಗಿ ಅರ್ಧ ದಿನ ಜಗಳಾಡಿ, ಮಳೆ ಬಂದಾಗ ಅದೇ ಕೊಡೆಯಲ್ಲಿ ಒಟ್ಟಿಗೆ ಚರ್ಚಿಗೆ ಹೋದದ್ದನ್ನು ನೋಡಿದೆ. ಹಿಲೇರ್ ತಾಯಿಯ ಮುಖ ಕಾಣದೆ ಸನ್ಯಾಸಿನಿಯರ ಅನಾಥಾಲಯದಲ್ಲಿ ಬೆಳೆದವನು. ಅವನ ಪಾಲಿಗೆ ತಾಯಿ ಮನೆ ಮಾತೆಂದರೆ ಪ್ರಾರ್ಥನೆಯ ಪುಸ್ತಕ. ‘ಮೀನಿನಾಕಿ ನನಗ ಬೈದ್ರೂ, ಎಲೈ ಸಹೋದರನೇ, ನಿನ್ನ ವಾಹನವನ್ನು ಸರಿಸುವಂಥವನಾಗು ಅಂದಂಗ ಕೇಳಸ್ತೈತ್ರಿ’ ಎಂದ. ‘ಹಂಗ ಕೇಳಿದ್ರ ಸಿಟ್ಟರ ಹೆಂಗ ಬರಬೇಕು?’ ಆ ಊರಿನಲ್ಲಿ ಅವನು ಸಿಟ್ಟು ಮಾಡಿದ್ದನ್ನು ಕಂಡವರಿರಲಿಲ್ಲ.

ಆದರೂ ಮೊದಲ ದಿನ ಸಂಜೆಯೇ ನಾನು ಯುಲಾಲಿಯ ಹತ್ತಿರ ದೂರಿದೆ. ‘ನಿಮ್ಮ ಮಾತು ಕೇಳಬೇಕು ಅಂತ ಏಳು ಸಮುದ್ರ ದಾಟಿ ಬಂದೆ. ಇಲ್ಲಿ ನೋಡಿದರೆ ಬರೇ ನಮ್ಮ ಗದಗಿನ ಮಾತು ಕೇಳಿಸುತ್ತದೆ.’

‘ನನಗೂ ಹಂಗ ಅಲ್ರಿ’ ಎಂದಳು ಅವಳು, ಸೊಪ್ಪು ಬಿಡಿಸುತ್ತಾ. ‘ನೀವು ಮಾತಾಡಿದ್ರ ನಮ್ಮವ್ವನ ಓಣಿಯಾಗ ಹುಟ್ಟಿ ಬೆಳದಾಕಿ ಅನ್ನಬೇಕು. ನಿಮ್ಮ ಸೀರಿ ನೋಡಿ ನೋಡಿ ನಾನs ನೆನಪ ಮಾಡ್ಕೋಬೇಕು, ಈಕಿ ಪರದೇಶದಾಕಿ ಅಂತ.’ ಇಬ್ಬರೂ ನಕ್ಕೆವು.

ಎರಡನೆಯ ದಿನ, ಗುರುವಾರ ಬೆಳಿಗ್ಗೆ, ನನಗೊಂದು ನಾಚಿಕೆಯ ಸಂಗತಿ ನಡೆಯಿತು. ಸ್ನಾನ ಮಾಡಿ, ಹಿತ್ತಲಲ್ಲಿ ಸೂರ್ಯನ ಕಡೆ ಮುಖ ಮಾಡಿ, ಅಜ್ಜಿ ಕಲಿಸಿದ ಸಂಸ್ಕೃತ ಶ್ಲೋಕ ಹೇಳತೊಡಗಿದೆ. ಅರವತ್ತು ವರ್ಷದಿಂದ ಒಂದು ದಿನವೂ ಬಿಟ್ಟವಳಲ್ಲ. ಹೊರಟಿದ್ದು ಮೌನ. ತುಟಿ ಆಡುತ್ತಿತ್ತು ಅಷ್ಟೆ. ಮೂರನೆಯ ಸಾಲಿನ ನಡುವೆ ಮಾತ್ರ, ‘ತಾಯಿಯೇ’ ಎಂಬ ಒಂದು ಶಬ್ದ ಮುಂಜಾವಿನ ಗಾಳಿಯಲ್ಲಿ ಸ್ಪಷ್ಟವಾಗಿ ಕೇಳಿಸಿ, ಮತ್ತೆ ಎಲ್ಲ ನಿಂತುಹೋಯಿತು. ನನಗೆ ಗೊತ್ತಿದ್ದದ್ದು ಅದೊಂದೇ ಶಬ್ದದ ಅರ್ಥ. ಬಿ.ಎ., ಬಿ.ಎಡ್. ಮಾಡಿದವಳು ನಾನು. ಉಳಿದದ್ದನ್ನು ಒಮ್ಮೆಯೂ ಯಾರನ್ನೂ ಕೇಳಿರಲಿಲ್ಲ.

ಒಲೆಗೆ ಸೌದೆ ಒಯ್ಯುತ್ತಿದ್ದ ಯುಲಾಲಿ ಬಾಗಿಲಲ್ಲೇ ನಿಂತು ಇದನ್ನು ನೋಡಿದಳು. ನಗುತ್ತಾಳೆ ಎಂದುಕೊಂಡೆ. ಅವಳು ಸೌದೆ ಕೆಳಗಿಟ್ಟು ನನ್ನ ಪಕ್ಕ ಬಂದು ಕುಳಿತಳು.

‘ನಿಮ್ಮದೂ ಹಂಗನ ಏನು?’ ಎಂದಳು. ‘ನನ್ನ ಹಂತ್ಯಾಕೂ ಅಂಥಾದೊಂದು ಐತಿ.’

ಅವಳು ಹೇಳಿದ್ದು ಇಷ್ಟು. ಅವಳ ಮುತ್ತಜ್ಜಿ ಹಿಂದೂಸ್ತಾನದ ಕಡೆಯಿಂದ ಹಡಗಿನಲ್ಲಿ ಬಂದವಳು, ಕಬ್ಬು ಕಡಿಯುವ ಕೂಲಿಗೆ. ಬಂದಾಗ ಇನ್ನೂ ಹುಡುಗಿ. ಹಳೆಯ ಕಚೇರಿಯ ದಫ್ತರಿನಲ್ಲಿ ಅವಳ ಬಗ್ಗೆ ಒಂದೇ ಸಾಲು ಇದೆ: ಒಂದು ನಂಬರು, ಮದ್ರಾಸ್ ಹಡಗು, ಎಡಗಾಲಿನಲ್ಲಿ ಗಾಯದ ಕಲೆ. ಹೆಸರು ಬರೆದ ಜಾಗ ನೀರು ಬಿದ್ದು ಅಳಿಸಿದೆ. ಅವಳಿಂದ ಮನೆಗೆ ಬಂದದ್ದು ಒಂದು ಬಟ್ಟಲು ಮತ್ತು ಒಂದು ಮಾತು. ಮನೆಯಲ್ಲಿ ಮಗು ಹುಟ್ಟಿ ಹೆಸರಿಡುವ ದಿನ, ಹಿರಿಯ ಹೆಂಗಸು ಆ ಖಾಲಿ ಬಟ್ಟಲಿನ ಮೇಲೆ ಅಂಗೈ ಮುಚ್ಚಿ, ಬಾಗಿಲ ಕಡೆ ಮುಖ ತಿರುಗಿಸಿ ಆ ಮಾತನ್ನು ಹೇಳಬೇಕು. ಅರ್ಥ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲವಾದ್ದರಿಂದ ಊರೊಳಗೆ ಅದು ಕೇಳಿಸುವುದೂ ಇಲ್ಲ. ಹೆಸರಿಡುವ ದಿನ ಅಜ್ಜಿಯ ತುಟಿ ಆಡುವುದನ್ನು ಎಲ್ಲರೂ ನೋಡುತ್ತಾರೆ. ಕಲಿಸಬೇಕಾದರೆ ಮಗಳನ್ನು ಊರ ಎಲ್ಲೆಯ ಸೇತುವೆ ದಾಟಿಸಿ ಕರೆದೊಯ್ದು ಕಲಿಸಬೇಕು. ಹಾಗೆ ನಾಲ್ಕು ತಲೆಮಾರು ದಾಟಿ ಬಂದಿದೆ.

‘ನನ್ನ ಮಗಳಿಗೂ ಕಲಿಸಿದ್ದೆ. ಅಕಿ ತೀರಿಹೋದ್ಲು’ ಎಂದಳು ಯುಲಾಲಿ. ‘ಈಗ ಮೊಮ್ಮಗಳು ಸೆಲೆಸ್ಟೀನ್ ಅದಾಳ. ಐತಾರ ಅಕಿ ಕೂಸಿಗೆ ಹೆಸರಿಡೂದು. ಅಕಿ ಏನಂತಾಳ ಗೊತ್ತೇನ್ರಿ?’

ಏನೆನ್ನುತ್ತಾಳೆಂದು ಒಳಗಿನಿಂದ ಸೆಲೆಸ್ಟೀನಳೇ ಹೇಳಿದಳು. ಇಪ್ಪತ್ತನಾಲ್ಕರ ಬಾಣಂತಿ, ಆರು ದಿನದ ಹೆಣ್ಣುಮಗುವನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದಳು. ‘ಕೇಳದ ಮಾತು ನಾ ಯಾಕ ಕಲೀಲಿ? ಅಕ್ಕೋರ, ನೀವs ಹೇಳ್ರಿ. ಎಲ್ಲಾರ ಮುಂದ ಮೀನಿನಂಗ ಬಾಯಿ ತಗದು ಮುಚ್ಚೂದು, ಅದಕ್ಕ ಆಶೀರ್ವಾದ ಅನ್ನೂದು. ಬೈಗಳಾ ಇದ್ರ? ಯಾರಿಗೆ ಗೊತ್ತು? ನನ್ನ ಮಗಳಿಗೆ ನಾ ಇದನ್ನ ಹೊರಸಂಗಿಲ್ಲ. ನಮ್ಮಜ್ಜಿ ಜೋಡಿ ಅದೂ ಮುಗೀತು.’

‘ಕೇಳಿದ್ರ್ಯಾ?’ ಎಂದಳು ಯುಲಾಲಿ ನನಗೆ. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ‘ಅಕಿ ಹೇಳೂದೂ ಖರೇನ ಐತಿ. ಅರ್ಥ ಒಂದು ಸಿಕ್ಕಿದ್ರ ಮನಿಯಾಗ ಕೇಳಸ್ತಿತ್ತು. ಕೇಳಿಸಿದ್ರ ಅಕಿ ಬ್ಯಾಡ ಅಂತಿದ್ದಿಲ್ಲ.’

ಮೂವತ್ತು ವರ್ಷದಿಂದ ಅವಳು ನಮ್ಮ ದೇಶದಿಂದ ಬಂದ ಯಾರನ್ನೂ ಬಿಟ್ಟಿರಲಿಲ್ಲ. ಎಲ್ಲರನ್ನೂ ಸೇತುವೆಗೆ ಕರೆದೊಯ್ದು ಆ ಮಾತು ಕೇಳಿಸಿದ್ದಳು. ಹಿಂದಿ ಮೇಷ್ಟರೊಬ್ಬರು ಹಾರದ ವಿಷಯ ಎಂದಿದ್ದರು. ತಮಿಳು ಪೂಜಾರಿಯೊಬ್ಬರು ಆಲದಮರ ಇರಬೇಕೆಂದಿದ್ದರು. ಒಬ್ಬ ಮುಸ್ಲಿಂ ವೈದ್ಯರು ಅಲ್ಲಾಹನ ಹೆಸರು ಇದೆ ಎಂದು ಕಣ್ಣು ಮುಚ್ಚಿ ಕೈಯೆತ್ತಿದ್ದರು. ಆದರೆ ಯಾರು ಹೇಳಿದ ಅರ್ಥವೂ ಮಾತಿನ ಉದ್ದಕ್ಕೆ ಹೊಂದಿಕೊಂಡಿರಲಿಲ್ಲ. ಎಲ್ಲರೂ ಕಡೆಗೆ, ಇರಬಹುದು, ಖಾತ್ರಿಯಿಲ್ಲ ಎಂದು ಹೊರಟುಹೋಗಿದ್ದರು.

‘ನೀವೂ ಒಮ್ಮೆ ಕೇಳ್ರಿ’ ಎಂದಳು. ‘ತಿಳೀಲಿಲ್ಲಂದ್ರ ಇಲ್ಲ. ಊಟಾ ಏನ ನಿಲ್ಲಸಂಗಿಲ್ಲ ನಾ.’

ಶನಿವಾರ ಬೆಳಿಗ್ಗೆ ಹೋದೆವು. ದಾರಿಯಲ್ಲಿ ಮೂರು ಕಡೆ ಜನ ಸ್ವಲ್ಪ ಕೂತು ಹೋಗಿ ಎಂದರು. ನನ್ನ ಮಂಡಿನೋವು ಊರಿಗೆಲ್ಲಾ ಗೊತ್ತಾಗಿತ್ತು. ಸೇತುವೆ ಮರದ್ದು, ಸಣ್ಣ ಹೊಳೆ ಸಮುದ್ರ ಸೇರುವ ಕಡೆ. ಆಚೆ ದಂಡೆಯಲ್ಲಿ ಹಾಳುಬಿದ್ದ ಸಕ್ಕರೆ ಕಾರ್ಖಾನೆಯ ಚಿಮಣಿಯೊಂದು ಬಳ್ಳಿ ಸುತ್ತಿಕೊಂಡು ನಿಂತಿತ್ತು. ಸೇತುವೆಯ ನಟ್ಟನಡುವೆ ಒಂದು ಹಲಗೆಗೆ ಬಿಳಿ ಸುಣ್ಣ ಬಳಿದಿದ್ದರು. ‘ಇದು ಊರ ಗಡಿ’ ಎಂದಳು ಯುಲಾಲಿ. ‘ಆ ಕಡೆ ಹೋದ್ರ ನಾ ಆಡಿದ್ದು ನಿಮಗ ತಿಳ್ಯಂಗಿಲ್ಲ, ನೀವು ಆಡಿದ್ದು ನನಗ ತಿಳ್ಯಂಗಿಲ್ಲ. ಏನರ ಕೇಳೂದಿದ್ರ ಈ ಕಡೆ ಬರಬೇಕು. ಬರ್ರಿ, ಕೈ ಹಿಡೀರಿ.’

ಬಿಳಿ ಹಲಗೆ ದಾಟಿದೆವು. ಅವಳು ಏನೋ ಹೇಳಿದಳು.

ನಾಲ್ಕು ದಿನದಿಂದ ನನ್ನ ಜೊತೆ ಊಟ ಮಾಡಿ, ನಕ್ಕು, ಗದರಿ, ಕತೆ ಹೇಳಿದ ಹೆಂಗಸಿನ ನಿಜವಾದ ಧ್ವನಿಯನ್ನು ನಾನು ಕೇಳಿದ್ದು ಆಗಲೇ. ನಾನು ಎಣಿಸಿದ್ದಕ್ಕಿಂತ ಆಳವಾದ ಧ್ವನಿ, ಸ್ವಲ್ಪ ಒಡಕು. ಮೂಗಿನಲ್ಲಿ ಅರ್ಧ ಉಳಿಯುವ ಶಬ್ದಗಳು, ಸಾಲಿನ ಕೊನೆಗೆ ಮೇಲಕ್ಕೆ ಎತ್ತಿ ಬಿಡುವ ರಾಗ. ಒಂದಕ್ಷರವೂ ತಿಳಿಯಲಿಲ್ಲ. ನಾನು ಇದನ್ನೇ ಹುಡುಕಿಕೊಂಡು ಬಂದವಳು. ಸಿಕ್ಕಿದಾಗ, ಅಯ್ಯೋ ಇವಳು ಈಗ ಏನೆಂದಳೋ ಎಂದು ಪರದಾಡಿದೆ. ಅವಳು ನನ್ನ ಮುಖ ನೋಡಿ ನಕ್ಕಳು. ನಗು ಮಾತ್ರ ಎರಡೂ ಕಡೆ ಒಂದೇ ಆಗಿತ್ತು.

ಆಮೇಲೆ ಅವಳು ಸೆರಗಿನಂತೆ ಹೊದ್ದಿದ್ದ ಬಟ್ಟೆಯನ್ನು ಸರಿಮಾಡಿಕೊಂಡು, ನೆಟ್ಟಗೆ ನಿಂತು ಹೇಳಿದಳು:

‘ಆಲಾ ಮುಸಿದಾ ಮಾಲಾ, ಬೆಕಾ ಬಾತು ಬೆಕಾ.’

ನನಗೆ ತಿಳಿಯಲಿಲ್ಲ. ಮಾಲಾ ಎಂದರೆ ಹಾರ ಎಂದು ನನಗೂ ಹೊಳೆಯಿತು, ಆ ಹಿಂದಿ ಮೇಷ್ಟರಿಗೆ ಹೊಳೆದ ಹಾಗೆ. ಇನ್ನೊಮ್ಮೆ ಎಂದು ಬೆರಳೆತ್ತಿದೆ. ಹೇಳಿದಳು. ಮತ್ತೊಮ್ಮೆ ಹೇಳಿದಳು. ನಾನು ತಲೆಯಾಡಿಸಿದೆ, ಇಲ್ಲ ಎಂದು. ಅವಳ ಮುಖ ಸಣ್ಣದಾಗಲಿಲ್ಲ, ಮೂವತ್ತು ವರ್ಷದ ರೂಢಿ. ನನ್ನ ಭುಜ ತಟ್ಟಿದಳು, ಹೋಗಲಿ ಬಿಡು ಎನ್ನುವಂತೆ. ಬಟ್ಟಲು ತಂದಿದ್ದೆವಲ್ಲ, ಶಾಸ್ತ್ರಕ್ಕೆ ಒಮ್ಮೆ ಪೂರ್ತಿ ಮಾಡಿ ತೋರಿಸಿಬಿಡೋಣ ಎಂದುಕೊಂಡಳೇನೋ. ಬಟ್ಟಲನ್ನು ಸೇತುವೆಯ ಕಟಕಟೆಯ ಮೇಲಿಟ್ಟು ಅದರ ಮೇಲೆ ಬಲ ಅಂಗೈಯನ್ನು ಅಗಲವಾಗಿ ಮುಚ್ಚಿದಳು. ಕುತ್ತಿಗೆಯನ್ನು ಥಟ್ಟನೆ ಎಡಕ್ಕೆ ತಿರುಗಿಸಿ, ಹುಬ್ಬು ಗಂಟಿಕ್ಕಿ, ನಾಲಿಗೆಯಿಂದ ಒಮ್ಮೆ ‘ತ್ಚ್’ ಎಂದು ಸದ್ದು ಮಾಡಿ ಹೇಳಿದಳು:

‘ಆಲಾ ಮುಸಿದಾ ಮಾಲಾ, ಬೆಕಾ ಬಾತು ಬೆಕಾ!’

ನನ್ನ ಬಲಗೈ ತಾನಾಗಿ ಮುಂದೆ ಹೋಯಿತು. ಅದನ್ನು ನಾನು ಕಳಿಸಲಿಲ್ಲ. ನನ್ನ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಾ, ಒಂದು ಕೈ ಹಿಟ್ಟಿನಲ್ಲಿ, ಇನ್ನೊಂದು ಕೈಯನ್ನು ಹಾಲಿನ ಪಾತ್ರೆಯ ಮೇಲೆ ಹೀಗೆ ಮುಚ್ಚಿ, ಕಿಟಕಿಯ ಕಡೆ ಹೀಗೇ ತಿರುಗಿ, ಹೀಗೇ ‘ತ್ಚ್’ ಎಂದು, ದಿನಕ್ಕೆ ಎಷ್ಟು ಸಲ ನನ್ನನ್ನು ಕೂಗಿಲ್ಲ. ನಾನು ಗಟ್ಟಿಯಾಗಿ ಹೇಳಿಬಿಟ್ಟೆ:

‘ಹಾಲ ಮುಚ್ಚಿಡ ಮಗಳ, ಬೆಕ್ಕ ಬಂತು ಬೆಕ್ಕ!’

ಯುಲಾಲಿ ನನ್ನ ಮಣಿಕಟ್ಟು ಹಿಡಿದಳು. ಅರ್ಥ ಅವಳಿಗೆ ತಿಳಿದಿಲ್ಲ, ತಿಳಿಯುವ ಜಾಗವೂ ಅದಲ್ಲ. ಆದರೆ ಶಬ್ದ ತಿಳಿಯಿತು. ಸವೆದುಹೋದ ಅಂಚುಗಳೆಲ್ಲ ಒಮ್ಮೆಲೇ ಮರಳಿ ಬಂದ ಶಬ್ದ. ಅವಳು ಏನೇನೋ ಕೇಳತೊಡಗಿದಳು, ಅವಸರದಲ್ಲಿ, ಅವಳ ಭಾಷೆಯಲ್ಲಿ. ನಾನು ಊರಿನ ಕಡೆ ಕೈ ತೋರಿಸಿದೆ. ಅವಳು ಬಟ್ಟಲನ್ನು ಎದೆಗೆ ಅವುಚಿಕೊಂಡು, ನನ್ನ ಕೈ ಬಿಡದೆ, ಬಿಳಿ ಹಲಗೆಯ ಕಡೆ ನಡೆದಳು.

ಅದು ಹತ್ತು ಹೆಜ್ಜೆಯ ದಾರಿ. ಆ ಹತ್ತು ಹೆಜ್ಜೆಯಲ್ಲಿ ನನ್ನ ಮನಸ್ಸು ಏನೇನು ಲೆಕ್ಕ ಹಾಕಿತೆಂದು ಹೇಳಲು ಈಗಲೂ ಸಂಕೋಚವಾಗುತ್ತದೆ. ನಾಲ್ಕು ತಲೆಮಾರು ಆಶೀರ್ವಾದವೆಂದು ಹೊತ್ತುತಂದ ಮಾತು. ಅದು ಬೆಕ್ಕಿನ ಮಾತು ಎಂದು ಹೇಗೆ ಹೇಳಲಿ? ಸೆಲೆಸ್ಟೀನ್ ನಕ್ಕುಬಿಟ್ಟರೆ? ‘ಕೂಸೇ, ನೂರು ವರ್ಷ ಸುಖವಾಗಿ ಬಾಳು’ ಎಂದು ನಾನು ಹೇಳಿದರೆ ತಡೆಯುವವರು ಯಾರು? ಯುಲಾಲಿ ನಂಬುತ್ತಾಳೆ. ನಂಬಿ ಹೇಳಿದರೆ ಊರಿಗೆಲ್ಲ ಹಾಗೆಯೇ ಕೇಳಿಸುತ್ತದೆ. ನಾನು ಏನೆಂದರೆ ಅದೇ ಆ ಮಾತಿನ ಅರ್ಥವಾಗಿಬಿಡುತ್ತದೆ. ಅಷ್ಟು ಅಧಿಕಾರ ನನಗೆ ಜೀವಮಾನದಲ್ಲಿ ಯಾರೂ ಕೊಟ್ಟಿರಲಿಲ್ಲ.

ಬಿಳಿ ಹಲಗೆ ದಾಟಿದೊಡನೆ ಅವಳ ಮಾತು ನನ್ನ ಓಣಿಯ ಮಾತಾಯಿತು. ‘ಹೇಳ್ರಿ ಅಕ್ಕೋರ. ಹೇಳ್ರಿ. ಏನದು? ಕೆಟ್ಟದ್ದಿದ್ರೂ ಹೇಳ್ರಿ. ಸುಳ್ಳು ಹೇಳಬ್ಯಾಡ್ರಿ ನನಗ, ಅಷ್ಟು ಮಂದಿ ಹೇಳಿ ಹೋಗ್ಯಾರ.’

ನಾನು ಹೇಳಿದೆ. ‘ಅದು ಆಶೀರ್ವಾದ ಅಲ್ಲ ಯುಲಾಲಿ. ಮನೆಯಲ್ಲಿ ತಾಯಿ ಮಗಳಿಗೆ ಹೇಳುವ ಮಾತು. ಹಾಲ ಮುಚ್ಚಿಡ ಮಗಳ, ಬೆಕ್ಕ ಬಂತು. ಅಷ್ಟೇ. ನಮ್ಮವ್ವ ನನಗೂ ಹೇಳುತ್ತಿದ್ದಳು.’

ಅವಳು ಕಟಕಟೆಗೆ ಒರಗಿ ಬಟ್ಟಲನ್ನು ನೋಡುತ್ತಾ ನಿಂತಳು. ಹೊಳೆಯಲ್ಲಿ ಯಾರದೋ ದೋಣಿ ಹೋಯಿತು. ದೋಣಿಯವನು ಕೈಯೆತ್ತಿದ, ಅವಳು ನೋಡಲಿಲ್ಲ. ನಾನು ತಪ್ಪು ಮಾಡಿದೆನೇನೋ ಎಂದುಕೊಂಡೆ.

‘ಹಾಲಿತ್ತ?’ ಎಂದಳು ಕೊನೆಗೆ.

‘ಏನು?’

‘ಅಕಿ ಮನ್ಯಾಗ ಹಾಲಿತ್ತ?’ ಎಂದಳು. ‘ದಫ್ತರದಾಗ ಬರೇ ನಂಬರ ಐತ್ರಿ. ನಾವು ತಿಳಕೊಂಡಿದ್ದು ಏನು? ಏನೂ ಇಲ್ಲದಾಕಿ, ಬರಿಗೈಲೆ ಬಂದಾಕಿ, ಯಾರೂ ಇಲ್ಲದಾಕಿ. ಅಕಿ ಮನ್ಯಾಗ ಹಾಲಿತ್ತು. ಮುಚ್ಚಾಕ ಮುಚ್ಚಳ ಇತ್ತು. ಕದಿಯಾಕ ಬೆಕ್ಕಿತ್ತು!’ ಅವಳು ನಗಲು ಶುರುಮಾಡಿದಳು. ನಗುತ್ತಾ ನಗುತ್ತಾ ತಟ್ಟನೆ ನಗು ನಿಲ್ಲಿಸಿದಳು. ‘ಅಕ್ಕೋರ, ಮಗಳ ಅಂತ ಐತೇನ ಅದರಾಗ?’

‘ಇದೆ. ನೀವು ಮಾಲಾ ಅನ್ನುವುದು ಅದೇ. ಮಗಳ.’

‘ಹಂಗಾರ ಇದು ಅಕಿ ಹೇಳಿದ್ದಲ್ಲ’ ಎಂದಳು ಯುಲಾಲಿ ನಿಧಾನಕ್ಕೆ. ‘ಅಕಿ ಬಂದಾಗ ಹುಡುಗಿ. ಇದು ಅಕಿಗೆ ಅಕಿ ಅವ್ವ ಹೇಳಿದ್ದು. ಹಡಗಿನ್ಯಾಗ ಅಷ್ಟು ದಿನ ಕುಂತು, ಅವ್ವ ಆಡಿದ್ದರಾಗ ಇದೊಂದು ಉಳಿಸಿಕೊಂಡಾಳ. ಬೈದಿದ್ದು.’ ಅವಳು ಬಟ್ಟೆಯ ಅಂಚಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಅದೇ ಅಂಚಿನಿಂದ ನನ್ನ ಕಣ್ಣನ್ನೂ ಒರೆಸಿದಳು, ನನಗೆ ಅಷ್ಟು ಹೊತ್ತಿಗೆ ಅದರ ಅಗತ್ಯವಿತ್ತು.

ಮನೆಗೆ ಬಂದಾಗ ಅವಳು ಸೆಲೆಸ್ಟೀನಳಿಗೆ ಏನೂ ಹೇಳಲಿಲ್ಲ. ನೀವೂ ಹೇಳಬೇಡಿ ಎಂದು ನನಗೆ ಹೇಳಿದಳು. ‘ಕೇಳಿಸಿದ್ರ ಕೇಳಿಸ್ತೈತಿ. ನಾ ಖರೇನ ತಿಳಕೊಂಡೇನೋ ಇಲ್ಲೋ, ನಾಳಿ ಗೊತ್ತಾಗ್ತೈತಿ.’ ಆದರೆ ಆ ಮಧ್ಯಾಹ್ನ ಆಡು ಸಾಕಿದ ಮನೆಗೆ ತಾನೇ ಹೋಗಿ, ನಾಳೆ ಬೆಳಿಗ್ಗೆ ಹಾಲು ಬೇಕೆಂದು ಹೇಳಿಬಂದಳು. ಅಷ್ಟು ವರ್ಷ ಖಾಲಿಯಿದ್ದ ಬಟ್ಟಲಿಗೆ ಏನು ತುಂಬಬೇಕೆಂದು ಅವಳಿಗೆ ಈಗ ತಿಳಿದಿತ್ತು.

ಐತವಾರ ಬೆಳಿಗ್ಗೆ ಚರ್ಚು ಮುಗಿದ ಮೇಲೆ ಜನ ಸೇರಿದರು. ಬೆಂಚುಗಳನ್ನು ಒಳಗೆ ತಂದಿದ್ದರು. ನನಗೆ ಬೆನ್ನು ಒರಗುವ ಒಂದೇ ಒಂದು ಕುರ್ಚಿಯನ್ನು ಮೀನಿನವಳು ತನ್ನ ಮನೆಯಿಂದ ತಲೆಯ ಮೇಲೆ ಹೊತ್ತು ತಂದಿದ್ದಳು. ‘ಅಕ್ಕೋರು ನಾಳಿ ಹೋಗ್ತಾರ, ಮೊಣಕಾಲ ನೋಯಸ್ಕೊಂಡು ಹೋಗಬಾರದು’ ಎಂದಳು. ಹಿಲೇರ್ ಬಿಳಿ ಅಂಗಿ ತೊಟ್ಟು ಬಾಗಿಲ ಹತ್ತಿರ ನಿಂತಿದ್ದ. ಸೆಲೆಸ್ಟೀನ್ ಮಗುವನ್ನು ಮಡಿಲಲ್ಲಿ ಹಾಕಿಕೊಂಡು, ಈ ತುಟಿ ಆಡಿಸುವ ಆಟ ಬೇಗ ಮುಗಿದರೆ ಸಾಕು ಎಂಬ ಮುಖದಲ್ಲಿ ಕುಳಿತಿದ್ದಳು. ಬಟ್ಟಲಿನಲ್ಲಿ ಹಾಲು ಕಂಡು, ‘ಇದೇನ ಹೊಸಾದು?’ ಎಂದಳು. ಯುಲಾಲಿ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡಳು.

ಅವಳು ಬಟ್ಟಲಿನ ಮೇಲೆ ಅಂಗೈ ಮುಚ್ಚಿದಳು. ಬಾಗಿಲ ಕಡೆ ಥಟ್ಟನೆ ತಿರುಗಿದಳು.

‘ಹಾಲ ಮುಚ್ಚಿಡ ಮಗಳ, ಬೆಕ್ಕ ಬಂತು ಬೆಕ್ಕ!’

ಕೋಣೆಯಲ್ಲಿದ್ದ ಎಲ್ಲರ ಕುತ್ತಿಗೆಯೂ ಬಾಗಿಲ ಕಡೆ ತಿರುಗಿತು. ಮೀನಿನವಳು ಎದ್ದುನಿಂತು, ‘ಎಲ್ಲೈತಿ? ಎಲ್ಲೈತಿ ಬೆಕ್ಕು?’ ಎಂದು ಸೀರೆಯಂಥ ತನ್ನ ಉದ್ದ ಲಂಗ ಎತ್ತಿ ಬೆಂಚಿನ ಕೆಳಗೆ ನೋಡಿದಳು. ಆಡಿನ ಮನೆಯ ಮುದುಕ, ‘ನಮ್ಮವ್ವನ ದನೀ ಕೇಳಿದಂಗಾತು’ ಎಂದು ಟೊಪ್ಪಿಗೆ ತೆಗೆದ. ಹಿಲೇರನಿಗೆ ಅದು ಯಾವ ಭವ್ಯವಾದ ಶಬ್ದಗಳಲ್ಲಿ ಕೇಳಿಸಿತೋ, ತಲೆ ಬಾಗಿಸಿ ಶಿಲುಬೆಯ ಗುರುತು ಮಾಡಿ ಗಟ್ಟಿಯಾಗಿ ‘ಆಮೆನ್’ ಎಂದ. ಆಮೇಲೆ ನಗು ಎದ್ದಿತು, ಆ ಮನೆಯ ತಗಡಿನ ಮಾಡು ಗಲಗಲ ಎನ್ನುವಂಥ ನಗು.

ಸೆಲೆಸ್ಟೀನ್ ನಗಲಿಲ್ಲ. ಅಜ್ಜಿಯನ್ನೇ ನೋಡುತ್ತಿದ್ದಳು. ‘ಇಷ್ಟನ?’ ಎಂದಳು. ‘ನೂರೈವತ್ತು ವರ್ಷ ನಾವು ಹೊತ್ತುಕೊಂಡು ಬಂದದ್ದು ಇದನ್ನ?’

ಯುಲಾಲಿ ಸಮಾಧಾನವಾಗಿ, ‘ಇಷ್ಟs’ ಎಂದಳು. ‘ಅಕಿ ಅವ್ವ ಅಕಿಗೆ ಬೈದಿದ್ದು. ಬೇಕಿದ್ರ ತಗೋ, ಬ್ಯಾಡಂದ್ರ ಬಿಡು.’

ಆ ಕೋಣೆಯ ಅಷ್ಟೂ ಜನ ಆ ಹುಡುಗಿಯ ಉತ್ತರಕ್ಕಾಗಿ ಸುಮ್ಮನಾದರು; ಅವಸರಪಡಿಸುವ ಒಂದು ಕೆಮ್ಮೂ ಇಲ್ಲ. ನಾನು ಬಹಳ ಊರು ನೋಡಿದವಳಲ್ಲ. ಆದರೆ ಒಬ್ಬರು ಯೋಚಿಸುತ್ತಿರುವಾಗ ಉಳಿದವರೆಲ್ಲಾ ಹಾಗೆ ಕಾಯುವುದನ್ನು ಬೇರೆಲ್ಲೂ ಕಂಡಿಲ್ಲ. ಅವರ ನಡುವೆ, ಅವರು ಹೊತ್ತು ತಂದ ಕುರ್ಚಿಯಲ್ಲಿ, ನನಗೂ ಕೂರಲು ಜಾಗವಿತ್ತಲ್ಲ ಎಂದು ಕೈಮುಗಿಯಬೇಕೆನಿಸಿತು.

ಸೆಲೆಸ್ಟೀನ್ ಮಗುವನ್ನು ಎಡಗೈಗೆ ಬದಲಿಸಿಕೊಂಡಳು. ಮುಂದೆ ಬಗ್ಗಿ ಅಜ್ಜಿಯ ಕೈಯನ್ನು ಬಟ್ಟಲಿನಿಂದ ಸರಿಸಿ ತನ್ನ ಅಂಗೈ ಮುಚ್ಚಿದಳು. ಬಾಗಿಲ ಕಡೆ ನೋಡಿ, ಮಗುವಿನ ಕಡೆ ನೋಡಿ, ಅದೇ ಮಾತನ್ನು ಹೇಳಿದಳು. ಹರಸುವ ಧ್ವನಿಯಲ್ಲಿ ಅಲ್ಲ, ಶಾಸ್ತ್ರ ಮಾಡುವ ಧ್ವನಿಯಲ್ಲಿಯೂ ಅಲ್ಲ. ಕೈತುಂಬ ಕೆಲಸವಿರುವಾಗ, ಇನ್ನೂ ಏಳದೆ ಕೂತಿರುವ ಮಗಳಿಗೆ ತಾಯಿ ಹೇಳುವ ಹಾಗೆ, ಸ್ವಲ್ಪ ಸಿಟ್ಟಿನಿಂದ ಹೇಳಿದಳು.